ಪೆರಿನ್ ಅಜ್ಜಿ ಯಾರ ಪೈಕಿ?

ಕೆಬೆಕ್ ಸೀಮೆಯ ನಮ್ಮ ಸೇಂತ್-ಓದಿಲ್ ಊರಿನಲ್ಲಿ ಹೊಸ ಮುಖ ಕಂಡರೆ ಯಾರೂ ಹೆಸರು ಕೇಳುವುದಿಲ್ಲ. "ಯಾರ ಪೈಕಿ?" ಎಂದು ಕೇಳುತ್ತಾರೆ. ಉತ್ತರವೂ ಅದಕ್ಕೆ ತಕ್ಕಂತೆ ಬರಬೇಕು: ಫಿಲಿಯಾಸನ ಮಗ, ಒನೆಜಿಮನ ಮೊಮ್ಮಗ, ದೊಡ್ಡ ಜೋಸೆಫನ ಮರಿಮಗ. ಹೀಗೆ ಒಬ್ಬ ಅಪ್ಪನ ಕೆಳಗೆ ಇನ್ನೊಬ್ಬ ಅಪ್ಪನನ್ನು ನಿಲ್ಲಿಸುತ್ತ ಹೋದರೆ, ಫ್ರಾನ್ಸಿನಿಂದ ಹಡಗು ಹತ್ತಿ ಬಂದು ಈ ಮಹಾನದಿಯ ದಡದಲ್ಲಿ ಮೊದಲ ಮರ ಕಡಿದವನ ಕಾಲು ಕೊನೆಗೆ ನೆಲಕ್ಕೆ ತಾಗಬೇಕು. ಅಷ್ಟು ಹೇಳಲಾರದವನಿಗೆ ನಮ್ಮ ಅಡುಗೆಮನೆಗಳಲ್ಲಿ ತೂಗುಕುರ್ಚಿ ಸಿಗುವುದಿಲ್ಲ. ಬೆಂಚಿನ ತುದಿ ಸಿಗುತ್ತದೆ.

ಈ ಸರಪಳಿಯಲ್ಲಿ ಹೆಂಗಸರು ಎಲ್ಲಿಯೂ ಇಲ್ಲ. ನಮ್ಮೂರ ಗಂಡಸರು ಆಲೂಗಡ್ಡೆಯ ಹಾಗೆ ಒಬ್ಬರಿಂದೊಬ್ಬರು ಮೊಳೆತು ಬಂದವರೆಂದೇ ಲೆಕ್ಕ. ಮುನ್ನೂರು ವರ್ಷ ಈ ಲೆಕ್ಕ ತಪ್ಪೆಂದು ಯಾರಿಗೂ ತೋರಲಿಲ್ಲ. ಅದನ್ನು ಕೆಡಿಸಿದವನು ನನ್ನ ಭಾವ, ಲುಡ್ಜೆ ಪೆಲ್ಶಾ.

ಲುಡ್ಜೆ ಶರತ್ಕಾಲದಲ್ಲಿ ನದಿಯ ಕೆಸರಿನಲ್ಲಿ ಗೂಟ ನೆಟ್ಟು, ಕಡ್ಡಿಯ ತಡಿಕೆ ಕಟ್ಟಿ, ಹಾವುಮೀನು ಹಿಡಿಯುತ್ತಾನೆ. ಉಳಿದ ಋತುಗಳಲ್ಲಿ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಮನುಷ್ಯ ಒಳ್ಳೆಯವನೇ, ಆದರೆ ಅವನ ಬಾಯಿ ಸದಾ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಮದುವೆಯ ದಿನ ಪಾದ್ರಿಗಳು ನನ್ನ ಅಕ್ಕ ಫ್ಲೋರಿದಾಳನ್ನು "ನಿನಗೆ ಒಪ್ಪಿಗೆಯೇ?" ಎಂದು ಕೇಳಿದಾಗ "ಹೌದು" ಎಂದವನು ಅವನೇ.

ಊರಿಗೆ ಮುನ್ನೂರು ತುಂಬುವ ಬೇಸಿಗೆಗೆ ಮೊದಲು ಚರ್ಚಿನ ನೆಲಮಾಳಿಗೆಯಲ್ಲಿ ಉತ್ಸವ ಸಮಿತಿಯ ಸಭೆ ಸೇರಿತು. ನಾನು ಶಾಲೆಯ ಮೇಷ್ಟ್ರಾದ್ದರಿಂದ ಕಾರ್ಯದರ್ಶಿ. ಅಧ್ಯಕ್ಷರು ಮೇಯರ್ ಅರ್ಸೆನ್ ಗ್ರಾಂಮೆಜೊಂ: ಮರಕೊಯ್ಯುವ ಕಾರ್ಖಾನೆಯ ಒಡೆಯರು, ಎತ್ತರದ ಆಳು, ಊರಿನ ಅರ್ಧ ಭಾಗದ ಮೇಲೆ ನೆರಳು ಬೀಳುವಂಥ ಮೂಗು.

ಸಂತ ಆನಳ ಹಬ್ಬದ ದಿನ ದೊಡ್ಡ ಪೂಜೆ ಮುಗಿದ ಮೇಲೆ ಹಳೆಯ ಕಾಲದ ಹಾಗೆ ಒಂದು ದೋಣಿ ದಡಕ್ಕೆ ಬರಬೇಕು, ಅದರಿಂದ ‘ರಾಜನ ಮಗಳು’ ಇಳಿಯಬೇಕು, ಬಿಷಪ್ಪರು ಅದನ್ನು ನೋಡಬೇಕು. ಇದು ಮೇಯರ್ ಹಾಕಿದ ಯೋಜನೆ. ಆ ಕಾಲದಲ್ಲಿ ಈ ಸೀಮೆಯಲ್ಲಿ ಗಂಡಸರೇ ತುಂಬಿಕೊಂಡು ಅಡುಗೆಯೂ ಇಲ್ಲದೆ ಮಾತೂ ಇಲ್ಲದೆ ಕೂತಿದ್ದರಂತೆ. ಫ್ರಾನ್ಸಿನ ದೊರೆ ತನ್ನ ಖರ್ಚಿನಲ್ಲಿ ಮದುವೆಯಾಗದ ಹೆಣ್ಣುಗಳನ್ನು ಹಡಗು ಹತ್ತಿಸಿ ಕಳಿಸಿದನಂತೆ. ಅವರಿಗೇ ರಾಜನ ಹೆಣ್ಣುಮಕ್ಕಳು ಎಂದು ಹೆಸರು.

"ನಮ್ಮ ಗ್ರಾಂಮೆಜೊಂ ಮನೆತನದ ಮೂಲ ಅಜ್ಜಿ ಹಾಗೆ ಬಂದವರು," ಎಂದರು ಮೇಯರ್. "ದೊಡ್ಡ ಕುಲದವರು. ಅದನ್ನ ಬಾಯಿಬಿಟ್ಟು ಹೇಳ್ಬೇಕಾಗಿಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ." ಎಂದು ತಮ್ಮ ಮೂಗನ್ನು ಸಭೆಯ ಬಲಕ್ಕೂ ಎಡಕ್ಕೂ ತಿರುಗಿಸಿ ತೋರಿಸಿದರು. "ಆದ್ದರಿಂದ ನಮ್ಮ ಮಗಳು ಸೊಲಾಂಜ್ ದೋಣಿಯಿಂದ ಇಳೀತಾಳೆ."

ಮಹಿಳಾ ಮಂಡಳಿಯ ಇಮೆಲ್ದಾ ವಾಯಾಂಕೂರ್ ತಮ್ಮ ಹೆಣಿಗೆಯಿಂದ ತಲೆಯೆತ್ತಿದರು. "ನಮ್ಮ ಮೂಲ ಅಜ್ಜೀನೂ ರಾಜನ ಮಗಳೇ. ಆದ್ರೆ ನಾವು ಅದನ್ನ ಹೇಳ್ಕೊಂಡು ತಿರುಗಲ್ಲ." ಈ ಮಾತನ್ನು ಅವರು ವರ್ಷಗಳಿಂದ ಹೇಳಿಕೊಂಡು ತಿರುಗುತ್ತಿದ್ದಾರೆ.

ಮೆರವಣಿಗೆಯ ಸಾಲು ಓದಲಾಯಿತು. ಮೊದಲು ಗ್ರಾಂಮೆಜೊಂಗಳು, ಆಮೇಲೆ ವಾಯಾಂಕೂರ್‌ಗಳು, ಆಮೇಲೆ ಬ್ಯಾಂಡು, ಆಮೇಲೆ ರೈತಸಂಘದ ಬಹುಮಾನ ಬಂದ ಹಸುಗಳು. ಆಮೇಲೆ ಪೆಲ್ಶಾಗಳು.

"ಹಸುಗಳ ಹಿಂದೆಯಾ?" ಎಂದ ಲುಡ್ಜೆ.

"ಯಾರಾದ್ರೂ ಹಿಂದೆ ನಡೀಲೇಬೇಕಲ್ಲ, ಲುಡ್ಜೆ," ಎಂದರು ಮೇಯರ್. "ಒಳ್ಳೆ ಸಲಿಕೆ ಇರೋದು ನಿಮ್ಮ ಮನೇಲೇ."

ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ಲುಡ್ಜೆಯ ಮಗಳು ಗಿಲೇನ್ ಕೂತಿದ್ದಳು. ಇಪ್ಪತ್ತರ ಹುಡುಗಿ, ಅಪ್ಪನ ಜೊತೆ ಗೂಟ ಹೊಡೆದು ಹೊಡೆದು ಭುಜ ಅಗಲವಾದವಳು. ಅವಳು ನಗಲಿಲ್ಲ, ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಲುಡ್ಜೆ ಅದನ್ನು ಕಂಡ. ಕಂಡದ್ದೇ ತಡ, ಬಾಯಿ ಎದ್ದು ನಿಂತಿತು. ಅದರ ಹಿಂದೆ ಅವನೂ ಎದ್ದ.

"ನಮ್ಮ ಅಜ್ಜೀನೂ ರಾಜನ ಮಗಳೇ! ನಿಮ್ಮಿಬ್ಬರ ಅಜ್ಜಿಗಿಂತ ದೊಡ್ಡವಳು!"

"ಹೌದೇನಯ್ಯ? ಹೆಸರು?"

ಲುಡ್ಜೆ ತನ್ನ ಟೋಪಿಯೊಳಗೆ ಇಣುಕಿ ನೋಡಿದ.

"ಹಬ್ಬದೊಳಗೆ ಹೇಳ್ತೀನಿ," ಎಂದ ಲುಡ್ಜೆ.

"ಹೇಳಿದ್ರೆ ನಿನ್ನ ಗಿಲೇನ್ ನಮ್ಮ ಸೊಲಾಂಜ್ ಪಕ್ಕ ದೋಣೀಲಿ ನಿಲ್ಲಲಿ. ಹೇಳದಿದ್ರೆ ಸಲಿಕೆ. ಕಾರ್ಯದರ್ಶಿಗಳೇ, ಬರ್ಕೊಳ್ಳಿ."

ನಾನು ಬರೆದುಕೊಂಡೆ. ಪೆಲ್ಶಾ ಮನೆತನ ದೋಣಿಯಿಂದ ಇಳಿಯುವುದೋ ಹಸುವಿನ ಹಿಂದೆ ನಡೆಯುವುದೋ ಎಂಬ ಐತಿಹಾಸಿಕ ಪ್ರಶ್ನೆ ಹೀಗೆ ನನ್ನ ಕೈಬರಹದಲ್ಲೇ ದಾಖಲಾಯಿತು.

ಮನೆಯಲ್ಲಿ ಅಕ್ಕ ಬಟಾಣಿ ಸಾರು ಕಲಕುತ್ತ ಎಲ್ಲವನ್ನೂ ಕೇಳಿದಳು.

"ಮೂಲ ಅಜ್ಜಿ ಇರ್ಲಿ. ನಿಮ್ಮ ಸ್ವಂತ ಅಜ್ಜಿ ಹೆಸರು ಹೇಳಿ ನೋಡೋಣ."

ಲುಡ್ಜೆ ಸೂರು ನೋಡಿದ. "ಅಜ್ಜಿ ಅಂತಲೇ ಕರೀತಿದ್ವಿ."

"ಅವರಮ್ಮನ ಹೆಸರು?"

"ಅವಳನ್ನ ದೊಡ್ಡಜ್ಜಿ ಅಂತಿದ್ರು."

"ಸರಿಹೋಯ್ತು. ಹೀಗೇ ಮೇಲಕ್ಕೆ ಹೋದ್ರೆ ರಾಜನ ಮಗಳು ದೊಡ್ಡ ದೊಡ್ಡ ದೊಡ್ಡ ದೊಡ್ಡಜ್ಜಿ. ಮೇಯರಿಗೆ ಅದನ್ನೇ ಹೇಳಿ. ಹೆಸರಂತೂ ಉದ್ದವಾಗಿದೆ."

"ಫ್ಲೋರಿದಾ, ನೀನು ನನ್ನ ಕಡೆಯೋ ಅವರ ಕಡೆಯೋ?"

"ನಾನು ನನ್ನ ಮಗಳ ಕಡೆ. ಸಲಿಕೆ ಹಿಡ್ಕೊಂಡು ಅವಳು ಬಿಷಪ್ಪರ ಮುಂದೆ ನಡೆದ್ರೆ, ಆ ಸಲಿಕೆ ಮೊದ್ಲು ಏಳೋದು ನಿಮ್ಮ ಮೇಲೆ."

ಇಷ್ಟಾದ ಮೇಲೆ ಯಾರಾದರೂ ತೆಪ್ಪಗಿದ್ದು ಹುಡುಕಲು ಹೊರಡುತ್ತಿದ್ದರು. ಲುಡ್ಜೆ ಮೊದಲು ಒವೀದನ ಅಂಗಡಿಗೆ ಹೋದ. ಹೆಸರು ಗೊತ್ತಿಲ್ಲದ ಅಜ್ಜಿ ಅಲ್ಲಿ ದಿನಕ್ಕೊಂದು ಒಡವೆ ತೊಡತೊಡಗಿದಳು. ಸೋಮವಾರ ರೇಷ್ಮೆಯ ಲಂಗ ಬಂತು. ಮಂಗಳವಾರ ಕುದುರೆ ಗಾಡಿ. ಬುಧವಾರ ಸ್ವತಃ ದೊರೆಯೇ ಬಂದರಿಗೆ ಬಂದು ಅವಳನ್ನು ಬೀಳ್ಕೊಟ್ಟ.

"ರಾಜ ಕಣ್ಣೀರು ಹಾಕಿದ," ಎಂದ ಲುಡ್ಜೆ.

"ನಿಜವಾಗ್ಲೂ?" ಎಂದ ಒವೀದ್.

"ಸಾಕಿದ ಹೆಣ್ಣಲ್ವೇನೋ?"

"ಅದಲ್ಲ. ಸೇಂತ್-ಓದಿಲಿಗೆ ಕಳಿಸ್ತಿದೀನಿ ಅಂತ ಗೊತ್ತಾದ್ರೆ ಯಾರಾದ್ರೂ ಅಳ್ತಾರೆ." ಒವೀದ್ ಗಲ್ಲಾದ ಹಿಂದಿನ ಡಬ್ಬಿಗಳನ್ನು ತೆರೆದ. "ಮೊಳೆ ಕೇಳಿದ್ಯಲ್ಲ. ರಾಜಮನೆತನದವರಿಗೆ ಬೆಳ್ಳೀದೇ ಆಗ್ಬೇಕಾ, ಕಬ್ಬಿಣದ್ದು ನಡೆಯುತ್ತಾ?"

ವಾರ ಮುಗಿಯುವುದರೊಳಗೆ ಊರೆಲ್ಲ ಲುಡ್ಜೆಗೆ ಟೋಪಿ ತೆಗೆದು ಬಾಗತೊಡಗಿತು. ಅದು ಗೌರವವಲ್ಲವೆಂದು ಅವನಿಗೆ ಅರ್ಥವಾಗಲು ಇನ್ನೊಂದು ವಾರ ಹಿಡಿಯಿತು. ಆಗ ನನ್ನ ಬಳಿ ಬಂದು, "ಭಾವಮೈದ, ನೀನು ಓದಿದವನು. ಅಜ್ಜಿಯರು ಎಲ್ಲಿ ಸಿಗ್ತಾರೆ?" ಎಂದು ಮೆಲ್ಲಗೆ ಕೇಳಿದ.

ಕೆಬೆಕ್ ಪಟ್ಟಣದ ಪಾದ್ರಿಗಳ ಗುರುಮಠದಲ್ಲಿ ಬ್ರದರ್ ಮೆಲಾಸ್ ಎಂಬ ಮುದುಕರಿದ್ದರು. ಹಳೆಯ ಮನೆತನಗಳ ವಿಷಯದಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಲುಡ್ಜೆಯ ಟ್ರಕ್ಕಿನಲ್ಲಿ, ಹಾವುಮೀನಿನ ವಾಸನೆಯ ನಡುವೆ, ನಾವಿಬ್ಬರೂ ಅಲ್ಲಿಗೆ ಹೋದೆವು.

ಬ್ರದರ್ ಮೆಲಾಸ್ ಸತ್ತವರ ವಿಷಯವನ್ನು ಬೆಳಗ್ಗೆ ಅಂಗಡಿಯಲ್ಲಿ ಸಿಕ್ಕಿದ್ದವರ ಹಾಗೆ ಮಾತಾಡುತ್ತಿದ್ದರು.

"ಪೆಲ್ಶಾ? ಸೇಂತ್-ಓದಿಲಿನ ಪೆಲ್ಶಾನಾ? ಓ, ಆ ಮುಂಗೋಪಿ ನಿಕೊಲಾ. ಅವನ ಹೆಂಡತಿ ಪೆರಿನ್. ಒಳ್ಳೆ ಹೆಂಗಸು, ಪಾಪ."

"ರಾಜನ ಮಗಳು ತಾನೆ?" ಲುಡ್ಜೆಯ ಟೋಪಿ ಅವನ ಕೈಯಲ್ಲಿ ಹಿಂಡಿದ ಬಟ್ಟೆಯಂತಾಗಿತ್ತು.

"ಮತ್ತೆ? ರಾಜನ ಹಡಗಿನಲ್ಲೇ ಬಂದದ್ದು. ನಿಕೊಲಾನ್ನ ಕಟ್ಕೊಳ್ಳೋ ಹೊತ್ತಿಗೆ ವಿಧವೆ. ವಾಯಾಂಕೂರನ ವಿಧವೆ."

"ಯಾವ ವಾಯಾಂಕೂರ್?"

"ನಿಮ್ಮೂರಿನವನೇ. ಮರ ಮೈಮೇಲೆ ಬಿತ್ತು. ಅಂಥ ಗಾಳೀಲಿ ಕೊಡಲಿ ಎತ್ಕೊಂಡು ಹೋಗೋದೇ? ವಾಯಾಂಕೂರನ್ನ ಕಟ್ಕೊಳ್ಳೋವಾಗಲೂ ವಿಧವೆ. ಗ್ರಾಂಮೆಜೊಂನ ವಿಧವೆ. ಅವನು ನದೀಲಿ ಹೋದ. ಈಜು ಬರ್ತಿರಲಿಲ್ಲ, ಜಂಭ ಬರ್ತಿತ್ತು."

ಲುಡ್ಜೆ ನನ್ನನ್ನು ನೋಡಿದ. ನಾನು ಲುಡ್ಜೆಯನ್ನು ನೋಡಿದೆ. ಅಪ್ಪಂದಿರನ್ನೇ ಎಣಿಸುತ್ತ ಬಂದ ನಮ್ಮೂರು, ಮೂರು ಮನೆತನಗಳಿಗೂ ಒಬ್ಬಳೇ ತಾಯಿ ಎಂಬುದನ್ನು ಮುನ್ನೂರು ವರ್ಷ ಕಾಣದೆ ಕುಳಿತಿತ್ತು.

"ಅವಳ ಅಪ್ಪನ ವಿಚಾರ ಹೇಳೋದಾದ್ರೆ..." ಎಂದು ಬ್ರದರ್ ಇನ್ನೊಂದು ದಪ್ಪ ಪುಸ್ತಕಕ್ಕೆ ಕೈಹಾಕಿದರು.

"ಬೇಡ ಬ್ರದರ್, ಇಷ್ಟು ಸಾಕು! ಇದೇ ಹೊರಲಾರದಷ್ಟಾಯ್ತು!" ಎಂದು ಲುಡ್ಜೆ ನನ್ನ ತೋಳು ಹಿಡಿದು ಎಳೆದುಕೊಂಡೇ ಹೊರಟ. ಊರು ಬರುವ ತನಕ ದಾರಿಯುದ್ದಕ್ಕೂ ಹಾಡಿದ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲೇ ನಮ್ಮೂರ ಪಾರ್ಲಿಮೆಂಟು. ಕಳೆದುಹೋದ ಹಂದಿ, ಮಾರಾಟದ ಕುದುರೆ, ನಿಶ್ಚಯವಾದ ಮದುವೆ ಎಲ್ಲವನ್ನೂ ಸಾರುವುದು ಅಲ್ಲೇ. ಲುಡ್ಜೆ ತುದಿಯ ಮೆಟ್ಟಿಲೇರಿದ. ದಾರಿಯಲ್ಲಿ ನಾನು ಅವನಿಗೆ ಪಾಠ ಹೇಳಿಕೊಟ್ಟಿದ್ದೆ: ಮೊದಲು ಗ್ರಾಂಮೆಜೊಂ, ಅವನು ತೀರಿಕೊಂಡ ಮೇಲೆ ವಾಯಾಂಕೂರ್, ಅವನೂ ತೀರಿಕೊಂಡ ಮೇಲೆ ಪೆಲ್ಶಾ. ಆದರೆ ಬಾಯಿ ಎಂದಿನಂತೆ ಮುಂದೆ ಹೋಯಿತು.

"ಮಹಾಜನರೇ! ಮೇಯರ್ ಸಾಹೇಬ್ರ ಅಜ್ಜಿ, ಇಮೆಲ್ದಾ ಅಮ್ಮನ ಅಜ್ಜಿ, ನಮ್ಮ ಅಜ್ಜಿ, ಮೂವರೂ ಒಬ್ಬಳೇ! ಪೆರಿನ್ ಅಂತ! ಒಬ್ಬಳಿಗೇ ಮೂರು ಜನ ಗಂಡಂದಿರು!"

ತೀರಿಕೊಂಡ ವಿಷಯವನ್ನು ಅವನು ಪೂರ್ತಿ ಮರೆತಿದ್ದ.

ಇಮೆಲ್ದಾ ವಾಯಾಂಕೂರ್ ಪಕ್ಕದಲ್ಲಿದ್ದ ಮೊಮ್ಮಗಳ ಕಿವಿ ಮುಚ್ಚಿದರು. ಬಳಿಕ ಯೋಚಿಸಿ ತಮ್ಮ ಕಿವಿ ಮುಚ್ಚಿಕೊಂಡರು. ಮೇಯರರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು.

"ನನ್ನ ಅಜ್ಜಿಗೆ ಮೂರು ಗಂಡಾನಾ? ಲೋ ಲುಡ್ಜೆ, ಕೋರ್ಟಿಗೆಳೀತೀನಿ!"

"ಎಳೀರಿ! ನಿಮ್ಮಜ್ಜಿ ನಮ್ಮಜ್ಜೀನೇ. ಅವಳೂ ಬರ್ತಾಳೆ!"

"ನಮ್ಮ ಮನೆತನದ ಹೆಂಗಸು ಹಾವುಮೀನು ಹಿಡಿಯೋನ ಮನೆಗೆ ಯಾಕಯ್ಯ ಬರ್ತಾಳೆ?"

"ನಿಮ್ಮ ಮನೇಲಿ ಮನಸ್ಸು ನಿಲ್ಲಲಿಲ್ಲ, ಬಂದ್ಲು!"

"ಒಬ್ಬನಾದ ಮೇಲೆ ಒಬ್ಬ! ಒಬ್ಬನಾದ ಮೇಲೆ ಒಬ್ಬ!" ಎಂದು ನಾನು ಕೆಳಗಿನಿಂದ ಕೂಗುತ್ತಿದ್ದೆ. ಅದು ನೆರವಾಗಲಿಲ್ಲ. ಗಂಡಸರು ಅದನ್ನು ಹೊಡೆದಾಟದ ಸರದಿ ಎಂದೇ ತಿಳಿದು ಕೋಟು ಕಳಚತೊಡಗಿದರು. ಕಡೆಗೆ ಪಾದ್ರಿಗಳೇ ಹೊರಗೆ ಬಂದು, ನನ್ನನ್ನು ಕೇಳಿ, ವಿಷಯ ತಿಳಿದು, ಎರಡೂ ಕೈ ಎತ್ತಿದರು.

"ವಿಧವೆ ಮದುವೆಯಾದ್ರೆ ಪಾಪ ಅಲ್ಲಪ್ಪ. ಆ ಕಾಲದಲ್ಲಿ ಗಂಡನ್ನ ಹೂತು ಮನೆಗೆ ಬರೋಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬ ಟೋಪಿ ಹಿಡ್ಕೊಂಡು ನಿಂತಿರ್ತಿದ್ದ. ಹೆಂಗಸರೇ ಇರಲಿಲ್ಲ. ಕೋಟು ಹಾಕ್ಕೊಳ್ಳಿ."

ಮಾನ ಉಳಿಯಿತು. ಆದರೆ ಜಗಳ ಈಗ ನಿಜವಾಗಿ ಹತ್ತಿಕೊಂಡಿತು. ಪೆರಿನ್ ಒಬ್ಬಳೇ ಎಂದಾದರೆ ಅವಳು ಯಾರವಳು?

"ಮೊದಲನೇ ಗಂಡ ನಮ್ಮವನು," ಎಂದರು ಮೇಯರ್. "ಹೆಣ್ಣಿಗೆ ಮೊದಲನೆಯದೇ ಮದುವೆ. ಮಿಕ್ಕಿದ್ದೆಲ್ಲ ಅನುಕೂಲ."

"ಮಕ್ಕಳು ಹೆಚ್ಚಾಗಿದ್ದು ನಮ್ಮವನಿಗೆ," ಎಂದರು ಇಮೆಲ್ದಾ. "ಮನಸ್ಸಿಲ್ಲದೆ ಮಕ್ಕಳಾಗ್ತವಾ?"

"ಎರಡು ಕಡೆ ರುಚಿ ನೋಡಿ ಮೂರನೇ ಕಡೆ ಊಟಕ್ಕೆ ಕೂತಳು," ಎಂದ ಲುಡ್ಜೆ. "ಬುದ್ಧಿವಂತೆ."

ಜೂನ್ ತಿಂಗಳೆಲ್ಲ ಊರಿಗೆ ಬೇರೆ ಮಾತಿರಲಿಲ್ಲ. ಇಸ್ಪೀಟಿನ ಮೇಜಿನಲ್ಲಿ ಗ್ರಾಂಮೆಜೊಂಗಳು ವಾಯಾಂಕೂರ್‌ಗಳಿಗೆ ಎಲೆ ಹಾಕುವುದನ್ನು ಬಿಟ್ಟರು. ಮಹಿಳಾ ಮಂಡಳಿಯಲ್ಲಿ ಒಂದೇ ಹಚ್ಚಡವನ್ನು ಎರಡು ತುದಿಯಿಂದ ಹೊಲಿಯುತ್ತಿದ್ದವರು ನಡುವೆ ಬಂದು ಸೇರುವುದಿಲ್ಲವೆಂದು ಹಟ ಹಿಡಿದರು. ಕೊನೆಗೆ ಮೇಯರ್ ಒಂದು ಉಪಾಯ ಮಾಡಿದರು. ಬ್ರದರ್ ಮೆಲಾಸರನ್ನೇ ಕರೆಸಿ ಎಲ್ಲರೆದುರು ಪೆರಿನಳ ಕುಲಗೋತ್ರ ಹೇಳಿಸುವುದು. ದೊಡ್ಡ ಕುಲದ ಹೆಣ್ಣು ಎಂದು ಸಾಬೀತಾದ ಮೇಲೆ ಅವಳು ಗ್ರಾಂಮೆಜೊಂ ಮನೆಗಲ್ಲದೆ ಇನ್ನಾವ ಮನೆಗೆ ಒಪ್ಪುತ್ತಾಳೆ?

ನೆಲಮಾಳಿಗೆ ತುಂಬಿತು. ಬ್ರದರ್ ಮೆಲಾಸರಿಗೆ ಮೆತ್ತೆಯ ಕುರ್ಚಿ ಹಾಕಿ ಸಕ್ಕರೆ ಕಡುಬಿನ ದೊಡ್ಡ ಹೋಳು ಕೊಟ್ಟರು. ಮೇಯರ್ ಎದ್ದು ನಿಂತು ಕೇಳಿದರು:

"ಬ್ರದರ್, ಪೆರಿನಮ್ಮನವರ ತಂದೆ ಯಾವ ಸೀಮೆಯ ಪ್ರಭುಗಳು?"

"ತಂದೆಯೇ?" ಬ್ರದರ್ ಬಾಯಿ ಒರೆಸಿಕೊಂಡರು. "ತಂದೆ ಇರಲಿಲ್ಲ."

"ತೀರಿಕೊಂಡಿದ್ರಾ?"

"ಯಾರು ಅಂತಲೇ ಗೊತ್ತಿಲ್ಲ. ತಾಯೀನೂ ಗೊತ್ತಿಲ್ಲ. ಪ್ಯಾರಿಸಿನ ಅನಾಥಾಲಯದ ಬಾಗಿಲಲ್ಲಿ ಯಾರೋ ಬಿಟ್ಟುಹೋದ ಕೂಸು. ನವೆಂಬರ್ ತಿಂಗಳು ಬೇರೆ, ಪಾಪ. ಅಲ್ಲೇ ಬೆಳೆದ್ಲು, ಅಲ್ಲಿಂದಲೇ ಹಡಗು ಹತ್ತಿದ್ಲು. ಕಡುಬು ಬಹಳ ಚೆನ್ನಾಗಿದೆ."

ಯಾರ ಪೈಕಿ ಎಂದು ಕೇಳಿದರೆ ಉತ್ತರವಿಲ್ಲದ ಒಬ್ಬಳು ನಮ್ಮೆಲ್ಲರ ಬೇರಿನಲ್ಲಿ ಕೂತಿದ್ದಳು. ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಮೊದಲು ಕೆಮ್ಮಿದವರು ಮೇಯರ್.

"ಹಾಗೆ ನೋಡಿದ್ರೆ ನಮ್ಮವನ ಜೊತೆ ಆಕೆ ಸಂಸಾರ ಮಾಡಿದ್ದೇ ಸ್ವಲ್ಪ ದಿನ. ಅವನು ಮುಳುಗೇ ಹೋದ. ಪರಿಚಯ ಅನ್ನಬಹುದು, ಅಷ್ಟೇ."

"ನಮ್ಮವನು ನಡುವಿನವನು," ಎಂದರು ಇಮೆಲ್ದಾ ಬೇಗನೆ. "ನಡುವಿನವರನ್ನ ಯಾರು ಲೆಕ್ಕಕ್ಕೆ ತಗೋತಾರೆ? ಕೊನೇತನಕ ಇಟ್ಕೊಂಡಿದ್ದವರು ಪೆಲ್ಶಾಗಳು."

"ಮತ್ತೆ, ನಮ್ಮ ಸೊಲಾಂಜಳಿಗೆ ನೆಗಡಿ," ಎಂದರು ಮೇಯರ್. "ನದಿಯ ಗಾಳಿ ಒಗ್ಗಲ್ಲ ಅಂತ ಡಾಕ್ಟರು ಹೇಳಿದಾರೆ."

ಸೊಲಾಂಜ್ ಮೂರನೆಯ ಸಾಲಿನಲ್ಲಿ ಕೂತು, ತನಗೆ ನೆಗಡಿಯಾಗಿರುವ ಸುದ್ದಿಯನ್ನು ಆಶ್ಚರ್ಯದಿಂದ ಕೇಳಿಸಿಕೊಂಡಳು.

ಎಲ್ಲರ ಕಣ್ಣೂ ಲುಡ್ಜೆಯ ಮೇಲೆ ಬಿತ್ತು. ರೇಷ್ಮೆ, ಕುದುರೆಗಾಡಿ, ರಾಜನ ಕಣ್ಣೀರು ಎಲ್ಲವನ್ನೂ ಒವೀದನ ಅಂಗಡಿಯಲ್ಲಿ ಹಂಚಿದವನು ಅವನು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಲುಡ್ಜೆ ನಿಧಾನವಾಗಿ ಎದ್ದ. ಜೀವಮಾನದಲ್ಲಿ ಮೊದಲ ಸಲ ಅವನೂ ಅವನ ಬಾಯಿಯೂ ಒಟ್ಟಿಗೆ ಎದ್ದದ್ದನ್ನು ಕಂಡೆ.

"ಹಂಗಾದ್ರೆ ಯಾರಿಗೂ ಬೇಡವಾ? ಪೂರ್ತಿ ನಮ್ಮವಳಾ? ಭಾವಮೈದ, ಬರ್ಕೊ." ಆಮೇಲೆ ಸಭೆಯ ಕಡೆ ತಿರುಗಿದ. "ರಾಜ ಅತ್ತ ಅಂತ ಹೇಳಿದ್ದೆ. ಸುಳ್ಳು. ಯಾರೂ ಅಳಲಿಲ್ಲ. ಅವಳಿಗೋಸ್ಕರ ಅಳೋಕೆ ಆ ದಡದಲ್ಲಿ ಯಾರೂ ಇರ್ಲೇ ಇಲ್ಲ. ಆದ್ರೂ ಹಡಗು ಹತ್ತಿದ್ಲು. ಮೇಯರ್ ಸಾಹೇಬ್ರೇ, ನೀವೂ ನಾನೂ ರೈಲಿನಲ್ಲಿ ಮಾಂಟ್ರಿಯಲ್‌ಗೆ ಹೋಗ್ಬೇಕಾದ್ರೆ ಮನೆಯವರೆಲ್ಲ ಬಂದು ಕೈ ಬೀಸ್ಬೇಕು, ಬುತ್ತಿ ಕಟ್ಟಿಕೊಡ್ಬೇಕು. ಆ ಹುಡುಗಿ ಗುರುತಿನವರು ಒಬ್ಬರೂ ಇಲ್ಲದೆ ಕಡಲು ದಾಟಿ ಬಂದ್ಲು. ಇಬ್ಬರು ಗಂಡಂದಿರನ್ನ ಮಣ್ಣು ಮಾಡಿ, ಮೂವರ ಮಕ್ಕಳನ್ನೂ ಒಂದೇ ಒಲೆ ಮುಂದೆ ಕೂರಿಸಿ ಸಾಕಿದ್ಲು. ನಾನು ಒಬ್ಬಳನ್ನ ಸಾಕೋದ್ರಲ್ಲಿ ಸುಸ್ತಾಗಿದೀನಿ. ನಮ್ಮಜ್ಜಿ ದೊಡ್ಡವಳು ಅಂತ ಆವತ್ತು ಅಂದಿದ್ನಲ್ಲ, ಆ ಮಾತು ಮಾತ್ರ ವಾಪಸ್ ತಗೊಳ್ಳಲ್ಲ. ಗಿಲೇನ್ ದೋಣೀಲಿ ಒಬ್ಬಳೇ ನಿಲ್ತಾಳೆ."

ಅಕ್ಕ ಅಂದು ಮನೆಗೆ ಹೋಗಿ ಪಡಸಾಲೆಯ ಹಸಿರು ಪರದೆಗಳನ್ನು ಕಿಟಕಿಯಿಂದ ಕಳಚಿ, ಲಂಗ ಹೊಲಿಯತೊಡಗಿದಳು. ಅವಳ ಮದುವೆಗೆ ಬಂದ ಪರದೆಗಳು ಅವು.

ಮೇಯರ್ ಅಜ್ಜಿಯನ್ನು ಬಿಟ್ಟರೂ ಉತ್ಸವ ಬಿಡಲಿಲ್ಲ. ದೋಣಿಯಲ್ಲಿ ರಾಜನ ಮಗಳ ಜೊತೆ ಗವರ್ನರ್ ವೇಷದವನೊಬ್ಬ ಇರಬೇಕೆಂದು ತೀರ್ಮಾನಿಸಿ, ಸುರುಳಿ ಕೂದಲಿನ ಟೋಪನ್, ಬಿಳಿಯ ಕಾಲುಚೀಲ, ಬಕಲ್ ಇಟ್ಟ ಬೂಟು ತಮ್ಮ ಅಳತೆಗೇ ತರಿಸಿದರು. ಇನ್ನು ಉಳಿದದ್ದು ಒಂದೇ ಪ್ರಶ್ನೆ. ನಮ್ಮ ನದಿ ಕಡಲಿನ ಹಾಗೆ ಏರುತ್ತದೆ, ಇಳಿಯುತ್ತದೆ. ಹಬ್ಬದ ದಿನ ನೀರು ಯಾವಾಗ ತುಂಬಿರುತ್ತದೆ? ಹಾವುಮೀನಿನವನನ್ನು ಬಿಟ್ಟು ಇನ್ಯಾರನ್ನು ಕೇಳುವುದು? ಲುಡ್ಜೆ ಆ ಹೊತ್ತಿನಲ್ಲಿ ಒವೀದನ ಅಂಗಡಿಯಲ್ಲಿ ಪೆರಿನಳಿಂದ ತನ್ನ ತನಕ ಬಂದ ಹೆಸರುಗಳನ್ನು ಬೆರಳು ಮಡಚಿ ಒಪ್ಪಿಸುತ್ತಿದ್ದ. "ಪೂಜೆ ಮುಗಿಯೋ ಹೊತ್ತಿಗೆ ತುಂಬಿರುತ್ತೆ, ಹೋಗಿ," ಎಂದುಬಿಟ್ಟ. ಹುಟ್ಟಿದಂದಿನಿಂದ ಈ ನೀರಿನ ಏರಿಳಿತದಲ್ಲೇ ಬದುಕಿದವನು ಅಂದು ಹೇಳಿದ್ದು ಹಿಂದಿನ ವಾರದ ಹೊತ್ತು.

ಹಬ್ಬದ ದಿನ ಬಂತು. ಪೂಜೆ ಮುಗಿಯಿತು. ದಡದಲ್ಲಿ ಬಿಷಪ್ಪರಿಗೆ ಕೆಂಪು ಕುರ್ಚಿ, ಪಕ್ಕದಲ್ಲಿ ಬ್ಯಾಂಡು, ಹಿಂದೆ ಇಡೀ ಊರು, ಅದರ ಹಿಂದೆ ಹಸುಗಳು. ದೂರದ ತಿರುವಿನಲ್ಲಿ ದೋಣಿ ಕಾಣಿಸಿತು. ಮುಂದುಗಡೆ ಹಸಿರು ಲಂಗದಲ್ಲಿ ಗಿಲೇನ್, ಅವಳ ಕಾಲ ಬಳಿ ರಾಜನ ಹೆಣ್ಣುಮಕ್ಕಳು ತರುತ್ತಿದ್ದಂಥ ಮದುವೆಯ ಪೆಟ್ಟಿಗೆ. ಹಿಂದುಗಡೆ ಎದೆಯ ಮೇಲೆ ಕೈಯಿಟ್ಟು ನಿಂತ ಗವರ್ನರ್. ಬ್ಯಾಂಡು ಶುರುವಾಯಿತು. ದೋಣಿ ಬಂತು, ಬಂತು, ಇನ್ನೂ ಬಂತು. ದಡಕ್ಕೆ ಮೂರು ಹೊಲದ ದೂರವಿದ್ದಾಗ ಮೃದುವಾಗಿ ನಿಂತಿತು. ಸುತ್ತಲಿನ ನೀರು ಯಾವ ಅವಸರವೂ ಇಲ್ಲದೆ ಹಿಂದೆ ಸರಿಯಿತು. ಗವರ್ನರು, ರಾಜನ ಮಗಳು, ಹುಟ್ಟು ಹಾಕುತ್ತಿದ್ದ ಇಬ್ಬರು, ಎಲ್ಲರೂ ಹೊಳೆಯುವ ಕಪ್ಪು ಕೆಸರಿನ ನಟ್ಟನಡುವೆ ಉಳಿದರು.

"ಲುಡ್ಜೇ!" ಎಂಬ ಕೂಗು ಕೆಸರು ದಾಟಿ ಬಂತು.

ಲುಡ್ಜೆ ಹಣೆ ಚಚ್ಚಿಕೊಂಡ. ನಮ್ಮ ಸೀಮೆಯಲ್ಲಿ ಬೈಗುಳಗಳೆಲ್ಲ ಚರ್ಚಿನ ಸಾಮಾನುಗಳೇ. ಅವನು ಪೂಜೆಯ ಪಾತ್ರೆಯಿಂದ ಶುರುಮಾಡಿ, ರೊಟ್ಟಿಯ ಪೆಟ್ಟಿಗೆ, ಧೂಪದ ಬಟ್ಟಲು, ಮೇಣದ ಕಂಬ ಹೀಗೆ ಬಲಿಪೀಠವನ್ನೇ ಖಾಲಿ ಮಾಡಿದ.

"ಇವರು ಪ್ರಾರ್ಥನೆ ಮಾಡ್ತಿದಾರಾ?" ಎಂದು ಬಿಷಪ್ಪರು ಕೇಳಿದರು.

"ಒಂದು ರೀತೀಲಿ ಹೌದು, ಸ್ವಾಮಿಗಳೇ," ಎಂದರು ಪಾದ್ರಿಗಳು.

ನೀರು ಮರಳಿ ಏರಲು ಸಂಜೆಯಾಗಬೇಕು. ಬಿಷಪ್ಪರಿಗೆ ಮಧ್ಯಾಹ್ನದ ಊಟಕ್ಕೆ ಇನ್ನೊಂದು ಊರಿತ್ತು. ಹಿಂದೆಲ್ಲೋ, "ಹಸು ಬಿಡಿ, ಪೆಲ್ಶಾಗಳೇ ಕೆಸರಲ್ಲಿ ನಡೀಲಿ," ಎಂದು ಯಾರೋ ಹೇಳಿದ್ದೂ ಜನ ನಕ್ಕಿದ್ದೂ ಕೇಳಿಸಿತು. ಲುಡ್ಜೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಗಿಲೇನ್ ಬೂಟು ಕಳಚಿ ದೋಣಿಯೊಳಗೆ ಎಸೆದಳು. ಹಸಿರು ಲಂಗವನ್ನು ಮೊಣಕಾಲ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಗಿಸಿಕೊಂಡಳು. ಪೆಟ್ಟಿಗೆಯ ಹಿಡಿಗೆ ಹಗ್ಗ ಕಟ್ಟಿ, ಕೆಸರಿಗೆ ಇಳಿದು, ಕಾಲನ್ನು ಅಡ್ಡಡ್ಡ ಜಾರಿಸುತ್ತ ನಡೆಯತೊಡಗಿದಳು. ಗೂಟ ನೆಡುವವರ ನಡಿಗೆ ಅದು.

"ನನ್ನ ಬಿಟ್ಟು ಹೋಗ್ಬೇಡಮ್ಮಾ!" ಎಂದು ಗವರ್ನರು ಒಂದು ಹೆಜ್ಜೆ ಕೆಳಗಿಟ್ಟರು. ಮೊಣಕಾಲ ತನಕ ಹೋದರು. ಕಾಲೆಳೆದುಕೊಂಡಾಗ ಕಾಲು ಬಂತು. ಬಕಲ್ಲಿನ ಬೂಟು ಬರಲಿಲ್ಲ.

ಗಿಲೇನ್ ನಿಂತಳು. ತಿರುಗಿ ಹೋದಳು. ಅವರಿಗೆ ಬೆನ್ನು ಕೊಟ್ಟು ಬಗ್ಗಿದಳು.

"ಹತ್ತಿ, ಮಾವಯ್ಯ."

ಬ್ಯಾಂಡಿನವರಿಗೆ ಇದಕ್ಕೆ ತಕ್ಕ ರಾಗ ಗೊತ್ತಿರಲಿಲ್ಲ, ಒಬ್ಬೊಬ್ಬರಾಗಿ ನಿಲ್ಲಿಸಿದರು. ನಗುತ್ತಿದ್ದವರೂ ನಿಲ್ಲಿಸಿದರು. ಆಮೇಲೆ ಕೇಳಿಸಿದ್ದು ಕೆಸರಿನ ಪಚಕ್ ಪಚಕ್ ಸದ್ದು, ಪೆಟ್ಟಿಗೆ ಎಳೆಯುವ ಸದ್ದು, ಆಗಾಗ ಅವಳ ಉಸಿರು. ಒಂದು ಹುಡುಗಿ ಬೆನ್ನ ಮೇಲೆ ಸರ್ಕಾರವನ್ನು ಹೊತ್ತು, ಹಿಂದೆ ಮನೆಯನ್ನು ಎಳೆದುಕೊಂಡು, ನೀರೇ ಬಿಟ್ಟುಹೋದ ದಡಕ್ಕೆ ತಾನೇ ನಡೆದುಬರುತ್ತಿದ್ದಳು. ಇಮೆಲ್ದಾ ವಾಯಾಂಕೂರ್ ಎದ್ದು ನಿಂತಿದ್ದರು. ಒವೀದ್ ಟೋಪಿ ತೆಗೆದಿದ್ದ. ಈ ಸಲ ಅದು ಕುಚೋದ್ಯವಾಗಿರಲಿಲ್ಲ.

ಅವಳು ಕೆಂಪು ಕುರ್ಚಿಯ ಮುಂದೆ ಬಂದು ನಿಂತಳು. ಲಂಗದಿಂದ ಕೆಸರು ಬಿಷಪ್ಪರ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.

"ಈ ಮಗು ಯಾವ ಮನೆತನದ್ದು?" ಎಂದು ಕೇಳಿದರು.

"ನಮ್ಮದು, ಸ್ವಾಮಿಗಳೇ!" ಎಂದು ಅವಳ ಬೆನ್ನ ಮೇಲಿಂದಲೇ ಮೇಯರ್ ಕೂಗಿದರು. ಟೋಪನ್ ಕಣ್ಣಿನ ಮೇಲೆ ಜಾರಿತ್ತು. "ಗ್ರಾಂಮೆಜೊಂ! ಮೊದಲನೇ ಗಂಡ ನಮ್ಮವನು!"

"ಹೆಚ್ಚು ಮಕ್ಕಳಾಗಿದ್ದು ನಮ್ಮವನಿಗೆ!" ಎನ್ನುತ್ತ ಇಮೆಲ್ದಾ ಕುರ್ಚಿಗಳನ್ನು ಸರಿಸಿಕೊಂಡು ಮುನ್ನುಗ್ಗಿದರು. "ವಾಯಾಂಕೂರ್ ಅಂತ ಬರ್ಕೊಳ್ಳಿ!"

ಅವರ ಹಿಂದೆ ಒವೀದ್, ಅವನ ಹಿಂದೆ ಅಂಚೆಯವಳು, ಬ್ಯಾಂಡಿನ ದೊಡ್ಡ ಡೋಲಿನವನು, "ನಮ್ಮಮ್ಮನ ಕಡೆಯಿಂದ," "ನಮ್ಮಜ್ಜಿ ಪೆಲ್ಶಾ," "ನಾವೂ ಹತ್ತಿರದವರೇ," ಎಂದು ನುಗ್ಗತೊಡಗಿದರು. ಇಡೀ ದಡವೇ ಒಂದು ಹೆಜ್ಜೆ ಮುಂದೆ ಬಂತು. ಅಕ್ಕ ಲುಡ್ಜೆಯನ್ನು ತಿವಿದಳು: "ಮಾತಾಡ್ರೀ!" ಲುಡ್ಜೆ ಬಾಯಿ ತೆರೆದ. ಏನೂ ಬರಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದಕ್ಕೂ ಹೊತ್ತು ಗೊತ್ತು ಇರಲಿಲ್ಲ.

ಗಿಲೇನ್ ಬೆನ್ನ ಮೇಲಿನ ಹೊರೆಯನ್ನು ಒಮ್ಮೆ ಮೇಲಕ್ಕೆ ಕುಲುಕಿ ಸರಿಮಾಡಿಕೊಂಡಳು.

"ನಾನು ಯಾರ ಪೈಕಿ ಅನ್ನೋದನ್ನ ನೀವುಗಳು ನಿಧಾನವಾಗಿ ಮಾತಾಡ್ಕೊಳ್ಳಿ, ಸ್ವಾಮಿಗಳೇ," ಎಂದಳು. "ಮೊದ್ಲು ಈ ಗವರ್ನರನ್ನ ಎಲ್ಲಿ ಇಳಿಸ್ಲಿ ಹೇಳಿ."